ಬೀಜ ಸತ್ತಿಲ್ಲ, ಮಲಗಿದೆ: ನಮ್ಮ ಹೂಬಳ್ಳಿಗಳನ್ನು ಕುಂಡದಲ್ಲಿ ಬೀಜದಿಂದ ಬೆಳೆಸುವ ಬಗೆ

ಶಂಖಪುಷ್ಪದ ಹತ್ತು ಬೀಜ ಹಾಕಿದರೆ ಎರಡೋ ಮೂರೋ ಮೊಳೆಯುತ್ತವೆ, ಮಿಕ್ಕವು ತಿಂಗಳಾದರೂ ಹಾಕಿದ ಹಾಗೇ ಬಿದ್ದಿರುತ್ತವೆ. ಗೌರಿ ಹೂವಿನ ಬೀಜ ಹಾಕಿದವರು ಆರು ವಾರ ಕಾದು, ಬೇಸತ್ತು, ಆ ಮಣ್ಣನ್ನು ಟೊಮೆಟೊ ಕುಂಡಕ್ಕೆ ಸುರಿದುಬಿಡುತ್ತಾರೆ. ಬೈಗುಳ ಬೀಜ ಕೊಟ್ಟವರ ಪಾಲಿಗೆ. ನಿಜ ನೋಡಿದರೆ ಇಂಥ ಬಹುಪಾಲು ಬೀಜಗಳು ಸತ್ತಿರುವುದೇ ಇಲ್ಲ, ಸುಪ್ತಾವಸ್ಥೆಯಲ್ಲಿರುತ್ತವೆ. ಎಬ್ಬಿಸುವ ಕ್ರಮ ಬಳ್ಳಿಯಿಂದ ಬಳ್ಳಿಗೆ ಬೇರೆ. ಎಲ್ಲಕ್ಕೂ ‘ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿ’ ಎಂಬ ಒಂದೇ ಮಾತು ಹೇಳುವುದರಿಂದಲೇ ಅರ್ಧ ಸೋಲು.

ತರಕಾರಿ ಬೀಜ ವಾರದೊಳಗೆ ಒಟ್ಟಿಗೆ ಮೊಳೆಯುತ್ತದೆ, ಏಕೆಂದರೆ ಹಾಗೆ ಮೊಳೆಯುವವನ್ನೇ ರೈತರು ತಲೆತಲಾಂತರದಿಂದ ಆಯ್ದುಕೊಂಡು ಬಂದಿದ್ದಾರೆ. ಬೇಲಿ, ಕುರುಚಲು ಕಾಡಿನ ಬಳ್ಳಿಗೆ ಒಟ್ಟಿಗೆ ಮೊಳೆಯುವುದು ಅಪಾಯ. ಅಶ್ವಿನಿ ಮಳೆಯ ಒಂದು ಹನಿಯನ್ನು ನಂಬಿ ಎಲ್ಲ ಬೀಜವೂ ಎದ್ದರೆ, ಆಮೇಲಿನ ಮೂರು ವಾರದ ಬಿಸಿಲಿಗೆ ಆ ಸಂತಾನವೇ ಸುಟ್ಟುಹೋಗುತ್ತದೆ. ಅದಕ್ಕೇ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಕೆಲವು ಇನ್ನೂ ತಡವಾಗಿ ಏಳುವ ಏರ್ಪಾಡು ಬೀಜದೊಳಗೇ ಇದೆ.

ಮೊದಲು ‘ನಮ್ಮ ಬಳ್ಳಿ’ ಯಾವುದು ಎಂಬ ಗೊಂದಲ ತೀರಲಿ. ಕಾಮಲತೆ ಹೆಸರಿಗೆ ಅಪ್ಪಟ ದೇಶಿ, ಹುಟ್ಟು ಅಮೆರಿಕದ ಉಷ್ಣವಲಯ. ಕಾಗದದ ಹೂವು ದಕ್ಷಿಣ ಅಮೆರಿಕದ್ದು, ಗುಲಾಬಿ ಗೊಂಚಲಿನ ಆಂಟಿಗೋನಾನ್ ಮೆಕ್ಸಿಕೋದ್ದು. ಗೌರಿ ಹೂವು, ಈಶ್ವರಿ ಬಳ್ಳಿ, ಮಾಧವಿ, ಗುಲಗಂಜಿ ಇವು ನಮ್ಮ ಕಾಡು-ಬೇಲಿಗಳವು. ಶಂಖಪುಷ್ಪದ ಮೂಲನೆಲೆಯ ಬಗ್ಗೆ ಸಸ್ಯಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಆದರೆ ದೇವರ ಪೂಜೆಯಲ್ಲೂ ಔಷಧದಲ್ಲೂ ಅದು ಇಲ್ಲಿ ಬೇರೂರಿ ಎಷ್ಟೋ ಕಾಲವಾಗಿದೆ, ಬೀಜದ ವಿದ್ಯೆ ಕಲಿಯಲು ಅದಕ್ಕಿಂತ ಒಳ್ಳೆಯ ಬಳ್ಳಿಯೂ ಇಲ್ಲ. ಅಲ್ಲಿಂದಲೇ ಶುರುಮಾಡೋಣ.

ಗಟ್ಟಿ ಸಿಪ್ಪೆಯ ಬೀಜ: ಶಂಖಪುಷ್ಪ, ಗುಲಗಂಜಿ

ಶಂಖಪುಷ್ಪ ಅವರೆ, ಅಲಸಂದೆಗಳ ಕುಲದ್ದು. ಈ ಕುಲದ ಹಲವು ಬೀಜಗಳ ಸಿಪ್ಪೆಯಲ್ಲಿ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂಥ ಕೋಶಗಳ ಪದರ ಇರುತ್ತದೆ, ಮೇಲೆ ಮೇಣದ ಲೇಪ. ಬೀಜ ಪೂರ್ತಿ ಒಣಗಿದಾಗ ಈ ಪದರ ಬಿಗಿದು ನೀರನ್ನು ಒಳಗೆ ಬಿಡುವುದೇ ಇಲ್ಲ. ಒಳಗಿನ ಭ್ರೂಣ ತಯಾರಾಗಿಯೇ ಇದೆ, ಅದಕ್ಕೆ ನೀರು ಸಿಗುತ್ತಿಲ್ಲ, ಅಷ್ಟೆ. ಬೇಸಿಗೆಯ ಹಗಲಿನ ಕಾವು, ರಾತ್ರಿಯ ತಂಪು, ಮಣ್ಣಿನ ತಿಕ್ಕಾಟ ಸೇರಿ ತಿಂಗಳುಗಟ್ಟಲೆಯಲ್ಲಿ ಸಿಪ್ಪೆಯನ್ನು ಬಿರಿಸುತ್ತವೆ. ಆ ಕೆಲಸವನ್ನು ನಾವು ಎರಡು ನಿಮಿಷದಲ್ಲಿ ಮಾಡಬೇಕು.

ಒಂದು ಬೀಜ ಕೈಗೆತ್ತಿಕೊಂಡು ನೋಡಿ. ಒಂದು ಅಂಚಿನಲ್ಲಿ ಚಿಕ್ಕ ಬಿಳಿ ಗುರುತಿದೆ, ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಬೇರಿನ ತುದಿ ಇರುವುದು ಅದರ ಪಕ್ಕದಲ್ಲೇ. ಆದ್ದರಿಂದ ಅದರ ಎದುರಿನ ಬದಿಯನ್ನು 120ನೇ ನಂಬರಿನ ಸ್ಯಾಂಡ್‌ಪೇಪರ್ ಮೇಲೆ ನಾಲ್ಕೈದು ಸಲ ಉಜ್ಜಬೇಕು. ಕಪ್ಪು ಸಿಪ್ಪೆ ಸವೆದು ಒಳಗಿನ ತಿಳಿಬಣ್ಣ ಸಾಸಿವೆಯಷ್ಟು ಕಂಡರೆ ಸಾಕು. ಉಗುರು ಕತ್ತರಿಸುವ ಕಟ್ಟರ್‌ನಿಂದ ಚೂರು ಚಿವುಟಿದರೂ ನಡೆಯುತ್ತದೆ. ಬೇಳೆ ಕಾಣುವಷ್ಟು ಆಳಕ್ಕೆ ಹೋದರೆ ಮಣ್ಣಿನ ಬೂಸ್ಟಿಗೆ ಬಾಗಿಲು ತೆರೆದಂತೆ.

ಉಜ್ಜಿದ ಬೀಜವನ್ನು ಉಗುರುಬೆಚ್ಚಗಿನ ನೀರಿನಲ್ಲಿ 8ರಿಂದ 12 ಗಂಟೆ ಇಡಿ. ಬೆಳಿಗ್ಗೆ ನೋಡಿದರೆ ನೀರು ಕುಡಿದವು ಹೆಚ್ಚುಕಡಿಮೆ ಇಮ್ಮಡಿ ದಪ್ಪ ಆಗಿರುತ್ತವೆ. ಮೊದಲಿನ ಗಾತ್ರದಲ್ಲೇ ಉಳಿದವನ್ನು ಎಸೆಯಬೇಡಿ, ಮತ್ತೆ ಉಜ್ಜಿ ಮತ್ತೆ ನೆನೆಸಿ. ಒಂದು ಹಗಲು-ರಾತ್ರಿ ದಾಟಿ ನೀರಿನಲ್ಲೇ ಬಿಡುವುದು ಬೇಡ. ನೀರು ಕುಡಿದ ಬೀಜ ಉಸಿರಾಡತೊಡಗುತ್ತದೆ, ಮುಳುಗಿಸಿಟ್ಟರೆ ಆಮ್ಲಜನಕ ಸಾಲದೆ ಹುಳಿವಾಸನೆ ಬಂದು ಕೊಳೆಯುತ್ತದೆ.

ನೂರಿನ್ನೂರು ಬೀಜ ಇದ್ದರೆ ಒಂದೊಂದಾಗಿ ಉಜ್ಜುವ ಬದಲು ಬಿಸಿನೀರಿನ ದಾರಿ ಹಿಡಿಯಬಹುದು. ನೀರು ಕುದಿಸಿ ಇಳಿಸಿ, ಕುದಿ ನಿಂತು ಸುಮಾರು 80 ಡಿಗ್ರಿಗೆ ಇಳಿದಾಗ ಬೀಜ ಹಾಕಿ, ತನ್ನಷ್ಟಕ್ಕೆ ತಣಿಯಲು ರಾತ್ರಿಯಿಡೀ ಬಿಡಬೇಕು. ಬೀಜ ಒಂದು ಪಾಲಾದರೆ ನೀರು ಹತ್ತು ಪಾಲು. ಒಲೆಯ ಮೇಲೆ ಇಟ್ಟು ಕುದಿಸಿದರೆ ಬೆಂದ ಕಾಳು ಸಿಗುತ್ತದೆ, ಸಸಿ ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮ. ಕಾಯಿ ಹಸಿರು ಬಿಟ್ಟು ಕಂದಾಗುತ್ತಿರುವಾಗಲೇ, ಪೂರ್ತಿ ಗರಿಗರಿಯಾಗುವ ಮೊದಲು ಬಿಡಿಸಿದ ಬಲಿತ ಬೀಜ ಉಜ್ಜದೆಯೂ ಚೆನ್ನಾಗಿ ಮೊಳೆಯಬಲ್ಲದು, ಸಿಪ್ಪೆ ಬಿಗಿಯುವುದು ಒಣಗಿದ ಮೇಲೇ. ಆದರೆ ಅಂಥ ಬೀಜವನ್ನು ಕೂಡಿಡಲಾಗದು.

ಗುಲಗಂಜಿಯ ಸಿಪ್ಪೆಯೂ ಇದೇ ಜಾತಿಯದು, ಆದರೆ ಇಲ್ಲಿ ಸ್ಯಾಂಡ್‌ಪೇಪರ್ ಮುಟ್ಟಬೇಡಿ. ಒಳಗಿರುವ ಆಬ್ರಿನ್ ಅತ್ಯಂತ ಘೋರ ವಿಷ. ಇಡೀ ಬೀಜ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಲವು ಸಲ ಹಾಗೇ ಹೊರಬೀಳುತ್ತದೆ, ಅಪಾಯವಿರುವುದು ಒಡೆದ ಬೀಜದಲ್ಲಿ, ಉಜ್ಜಿದಾಗ ಏಳುವ ಪುಡಿಯಲ್ಲಿ. ಬೇಕೇಬೇಕೆಂದರೆ ಬಿಸಿನೀರಿನ ಉಪಚಾರವೊಂದೇ ದಾರಿ. ಮಕ್ಕಳಿರುವ ಮನೆಗೆ ಗುಲಗಂಜಿ ತರಲೇಬೇಡಿ ಎಂದೇ ನಮ್ಮ ಸಲಹೆ. ಅಷ್ಟಕ್ಕೂ ಅದರ ಹೂವಿನಲ್ಲಿ ಹೇಳಿಕೊಳ್ಳುವಂಥ ಚೆಂದವಿಲ್ಲ, ಚೆಂದವೆಲ್ಲ ಆ ಕೆಂಪು-ಕಪ್ಪು ಬೀಜದ್ದೇ.

ಬಿತ್ತುವ ಲೋಟ, ಬಿತ್ತುವ ಮಣ್ಣು

ಬಳ್ಳಿಯ ಸಸಿಗೆ ಅಗಲದ ಟ್ರೇಗಿಂತ ಆಳದ ಲೋಟ ಲೇಸು. ಶಂಖಪುಷ್ಪದ ತಾಯಿಬೇರು ನೇರ ಕೆಳಗಿಳಿಯುತ್ತದೆ, ಅದು ಮುರಿದರೆ ಸಸಿ ವಾರಗಟ್ಟಲೆ ಮುಷ್ಕರ ಹೂಡುತ್ತದೆ. ತಳಕ್ಕೆ ಮೂರು ತೂತು ಹೊಡೆದ 200-250 ಮಿಲಿ ಕಾಗದದ ಲೋಟ ಸಾಕು, ಮುಂದೆ ಅದನ್ನು ಹರಿದು ಬೇರಿನ ಮುದ್ದೆಯನ್ನು ಅಲುಗಿಸದೆ ಇಡಬಹುದು. ಮಿಶ್ರಣ: ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ದಪ್ಪ ಮರಳು ಒಂದು ಪಾಲು, ಜರಡಿ ಹಿಡಿದ ಎರೆಗೊಬ್ಬರ ಅರ್ಧ ಪಾಲು. ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರುವುದುಂಟು, ಎರಡು ಮೂರು ನೀರಿನಲ್ಲಿ ತೊಳೆದು ಹಿಂಡದಿದ್ದರೆ ಎಳೆ ಎಲೆಯ ಅಂಚು ಸುಡುತ್ತದೆ. ಎಂ-ಸ್ಯಾಂಡ್ ಬಳಸುವುದಾದರೆ ಅದರ ನುಣ್ಣನೆ ಧೂಳನ್ನೂ ತೊಳೆದುಹಾಕಿ, ಇಲ್ಲದಿದ್ದರೆ ಆ ಧೂಳು ಗಾರೆಯ ಹಾಗೆ ಕಟ್ಟಿಕೊಳ್ಳುತ್ತದೆ.

ಶಂಖಪುಷ್ಪದ ಬೀಜ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಹೋದರೆ ಸಾಕು. 25ರಿಂದ 32 ಡಿಗ್ರಿ ಕಾವಿನಲ್ಲಿ ಐದರಿಂದ ಹತ್ತು ದಿನಕ್ಕೆ ಮೊಳೆಯುತ್ತದೆ. ಬೆಂಗಳೂರು, ಮೈಸೂರು ಕಡೆ ರೋಹಿಣಿ, ಮೃಗಶಿರ ಮಳೆಯ ಹೊತ್ತು ಒಳ್ಳೆಯದು. ಕರಾವಳಿ, ಮಲೆನಾಡಿನಲ್ಲಿ ಜೂನ್ ಜಡಿಮಳೆಗೆ ಸಸಿ ನಿಲ್ಲುವುದಿಲ್ಲ, ಮೇ ಮೊದಲ ವಾರವೇ ಬಿತ್ತಿ ಸೂರಿನಡಿ ಇಡಬೇಕು, ಇಲ್ಲವೇ ಸೆಪ್ಟೆಂಬರಿಗೆ ಕಾಯಬೇಕು. ಡಿಸೆಂಬರ್-ಜನವರಿಯ ಚಳಿಯಲ್ಲಿ ಬಿತ್ತಿದ್ದು ಮೊಳೆಯುವುದೂ ನಿಧಾನ, ಬೆಳೆಯುವುದೂ ನಿಧಾನ.

ಮೊಳೆತ ಮೊದಲ ಹತ್ತು ದಿನದಲ್ಲಿ ಹೆಚ್ಚು ಸಸಿ ತಿನ್ನುವುದು ಬುಡಕೊಳೆ. ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಎತ್ತಿ ನೋಡಿದರೆ ಮಣ್ಣಿನ ಮಟ್ಟದಲ್ಲಿ ಕಾಂಡ ನೀರಾಗಿ ದಾರದಷ್ಟು ಸಣ್ಣಗಾಗಿದೆ. ಪಿಥಿಯಂನಂಥ ಮಣ್ಣಿನ ರೋಗಾಣುಗಳ ಕೆಲಸ ಇದು. ಅವುಗಳನ್ನು ಕರೆಯುವವರು ನಾವೇ: ಸದಾ ಒದ್ದೆಯಾದ ಮೇಲ್ಮಣ್ಣು, ಗಾಳಿಯಾಡದ ಮೂಲೆ, ಸರಿಯಾಗಿ ಕಳಿಯದ ಗೊಬ್ಬರ. ಲೋಟವನ್ನು ತಟ್ಟೆಯಲ್ಲಿಟ್ಟು ಕೆಳಗಿನಿಂದ ನೀರು ಕೊಡಿ, ಹದಿನೈದು ನಿಮಿಷದ ನಂತರ ಉಳಿದ ನೀರು ಚೆಲ್ಲಿ. ಮೇಲೆ ಅರ್ಧ ಸೆಂಟಿಮೀಟರ್ ಒಣ ಮರಳು ಹರಡಿ. ಬಿತ್ತುವ ಮೊದಲೇ ಒಂದು ಕೆಜಿ ಮಿಶ್ರಣಕ್ಕೆ 5 ಗ್ರಾಂ ಟ್ರೈಕೋಡರ್ಮಾ (ರೋಗಾಣುಗಳನ್ನು ಹತ್ತಿಕ್ಕುವ ಶಿಲೀಂಧ್ರ) ಪುಡಿ ಬೆರೆಸಿದ್ದರೆ ಇನ್ನೂ ನೆಮ್ಮದಿ. ಮಲಗಿದ ಸಸಿಯನ್ನು ಉಳಿಸಲಾಗುವುದಿಲ್ಲ, ಲೋಟದ ಸಮೇತ ದೂರ ಎಸೆಯಿರಿ.

ಗೌರಿ ಹೂವು: ಮೂರು ವರ್ಷದ ಲೆಕ್ಕ

ಅಗ್ನಿಶಿಖೆ, ಲಾಂಗುಲಿಕ ಎಂದೆಲ್ಲ ಕರೆಯುವ ಗೌರಿ ಹೂವಿನ ಬೀಜಕ್ಕೆ ಅವಸರ ಅನ್ನುವುದೇ ಇಲ್ಲ. ಇಲ್ಲಿ ತಡೆ ಸಿಪ್ಪೆಯೊಂದೇ ಅಲ್ಲ, ಒಳಗಿನ ಭ್ರೂಣವೂ ತಡವಾಗಿ ಚುರುಕಾಗುತ್ತದೆ. ಬಲಿತ ಕಾಯಿ ಮೂರು ಹೋಳಾಗಿ ಬಿರಿದಾಗ ಕಿತ್ತಳೆಗೆಂಪು ಬೀಜಗಳು ಕಾಣುತ್ತವೆ. ಅವುಗಳ ಮೇಲಿನ ತಿರುಳನ್ನು ಒಂದು ದಿನ ನೆನೆಸಿ, ಕೈಗವಸು ಹಾಕಿಕೊಂಡು ತಿಕ್ಕಿ ತೆಗೆಯಬೇಕು, ಬಿಟ್ಟರೆ ಬೂಸ್ಟು ಹಿಡಿಯುವುದು ಖಚಿತ. ಮರಳು-ಕೋಕೋಪೀಟ್ ಸಮಪಾಲಿನಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಹಾಕಿ, ತೇವ ಆರದಂತೆ ನೆರಳಿನಲ್ಲಿಡಿ. ಒಂದು ತಿಂಗಳಿಗೆ ಮೊಳೆಯಬಹುದು, ಮೂರು ತಿಂಗಳಾಗಬಹುದು, ಮುಂದಿನ ಮುಂಗಾರಿಗೇ ಏಳಬಹುದು. ಒಂದೇ ಕಾಯಿಯ ಬೀಜಗಳೂ ಒಟ್ಟಿಗೆ ಮೊಳೆಯುವುದಿಲ್ಲ. ಕುಂಡಕ್ಕೆ ತಾರೀಖಿನ ಚೀಟಿ ಅಂಟಿಸಿ, ಒಂದೂವರೆ ವರ್ಷ ಆಗುವ ತನಕ ಮಣ್ಣು ಚೆಲ್ಲಬೇಡಿ.

ಮೊದಲ ವರ್ಷ ಬರುವುದು ಕೆಲವು ಎಲೆಗಳ ಗಿಡ್ಡ ಸಸಿ. ಇದು ಬಳ್ಳಿಯೇ ಹೌದೇ ಎಂದು ಅನುಮಾನ ಬರುವಷ್ಟು ಸಾಧಾರಣ. ಮಣ್ಣಿನಡಿಯಲ್ಲಿ ಅದು ಪುಟ್ಟ ಗೆಡ್ಡೆ ಕಟ್ಟುತ್ತಿರುತ್ತದೆ. ಮಳೆಗಾಲ ಕಳೆದು ಎಲೆ ಹಳದಿಯಾಗುತ್ತಿದ್ದಂತೆ ‘ಅಯ್ಯೋ, ಒಣಗುತ್ತಿದೆ’ ಎಂದು ನೀರು ಸುರಿಯುವುದೇ ಗೌರಿ ಹೂವನ್ನು ಕೊಲ್ಲುವ ಸುಲಭ ಮಾರ್ಗ. ಗೆಡ್ಡೆ ಮಲಗುವ ಸಮಯ ಅದು. ನೀರು ನಿಲ್ಲಿಸಿ, ಕುಂಡವನ್ನು ಮಳೆ ತಾಗದ ಕಡೆ ಎತ್ತಿಡಿ. ಭರಣಿ ಮಳೆಯ ಹೊತ್ತಿಗೆ ಮತ್ತೆ ನೀರು ತೋರಿಸಿದರೆ ಮೊಳಕೆ ಬರುತ್ತದೆ. ಎರಡನೇ ವರ್ಷ ಗೆಡ್ಡೆಯನ್ನು 12 ಇಂಚಿನ ಕುಂಡಕ್ಕೆ ಬದಲಿಸುವಾಗ ನೋಡಿ: ಬಲಿತ ಗೆಡ್ಡೆ ಕವೆಯ ಆಕಾರದಲ್ಲಿದೆ, ಚಿಗುರುವ ಕಣ್ಣು ಇರುವುದು ತುದಿಯಲ್ಲಿ. ಆ ತುದಿ ಮುರಿದರೆ ಮಿಕ್ಕ ಗೆಡ್ಡೆ ಎಷ್ಟು ದಪ್ಪವಿದ್ದರೂ ನಿರುಪಯೋಗಿ. ಅಡ್ಡಡ್ಡ ಮಲಗಿಸಿ, ಮೇಲೆ 5 ಸೆಂಟಿಮೀಟರ್ ಮಣ್ಣು ಮುಚ್ಚಿ. ಹೂವು ಮೂರನೇ ವರ್ಷಕ್ಕೆ, ಕೆಲವಕ್ಕೆ ನಾಲ್ಕಕ್ಕೆ.

ಹೂವು ಮಾತ್ರ ಕಾದದ್ದಕ್ಕೆಲ್ಲ ಬೆಲೆ ಕೊಡುತ್ತದೆ. ಹಸಿರು-ಹಳದಿಯಾಗಿ ಬಿರಿದು, ಅಂಚು ಅಲೆಅಲೆಯಾದ ದಳಗಳು ಹಿಂದಕ್ಕೆ ಮಡಚಿ, ದಿನದಿಂದ ದಿನಕ್ಕೆ ಕೆಂಪೇರುತ್ತ ಹೋಗುತ್ತದೆ. ಆರು ಕೇಸರಗಳು ಸುತ್ತ ಚಾಚಿದ್ದರೆ, ಪರಾಗ ಪಡೆಯುವ ಹೆಣ್ಣು ಕಡ್ಡಿಯಾದ ಶಲಾಕೆ ಬುಡದಲ್ಲೇ ಲಂಬಕೋನಕ್ಕೆ ತಿರುಗಿ ಪಕ್ಕಕ್ಕೆ ಹೋಗಿರುತ್ತದೆ. ತನ್ನ ಪರಾಗ ತನಗೇ ತಾಗದಿರಲೆಂದು ಹೀಗೆ. ಚಿಟ್ಟೆಗಳು ಹೆಚ್ಚು ಬಾರದ ಮಾಳಿಗೆಯಲ್ಲಿ ಹೂವರಳಿದರೂ ಕಾಯಿ ಕಚ್ಚದಿರಲು ಇದೇ ಕಾರಣ. ತಮಿಳುನಾಡಿನ ಕರೂರು, ದಿಂಡಿಗಲ್ ಕಡೆ ಬೀಜಕ್ಕೆಂದೇ ಇದನ್ನು ಹೊಲಗಳಲ್ಲಿ ಬೆಳೆಯುವ ರೈತರು ಬೆಳಗಿನ ಹೊತ್ತು ಕೈಯಾರೆ ಪರಾಗ ಮುಟ್ಟಿಸುತ್ತಾರೆ. ಮನೆಯಲ್ಲಿ ಚಿತ್ರಕಲೆಯ ಸಣ್ಣ ಬ್ರಷ್ಷು ಸಾಕು, ಬೇರೆ ಗಿಡದ ಪರಾಗವಾದರೆ ಕಾಯಿ ಇನ್ನೂ ಚೆನ್ನ.

ಗೆಡ್ಡೆ, ಬೀಜ, ಎಲೆ ಎಲ್ಲದರಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ, ಬೇಯಿಸಿದರೂ ಹೋಗುವುದಿಲ್ಲ. ಗೆಣಸೆಂದು ತಪ್ಪು ತಿಳಿದು ಬೇಯಿಸಿ ತಿಂದು ಸತ್ತ ಪ್ರಕರಣಗಳು ಶ್ರೀಲಂಕಾದಲ್ಲಿ ದಾಖಲಾಗಿವೆ. ಬೇಸಿಗೆಯಲ್ಲಿ ಮಲಗಿದ ಗೆಡ್ಡೆಯನ್ನು ಅಡುಗೆಮನೆಯ ಆಸುಪಾಸಿನಲ್ಲಿ ಇಡಬೇಡಿ, ನಾಯಿ ಸಾಕಿದವರು ಕುಂಡದ ಮೇಲೆ ಜಾಲರಿ ಕಟ್ಟಿ.

ಈಶ್ವರಿ, ಮಾಧವಿ

ಈಶ್ವರಿ ಬಳ್ಳಿಯ ಒಣಗಿದ ಕಾಯಿ ತೊಟ್ಟಿನ ಕಡೆಯಿಂದ ಸೀಳಿ, ತಲೆಕೆಳಗಾದ ಕೊಡೆಯ ಹಾಗೆ ತೂಗುತ್ತದೆ. ಒಳಗೆ ಅಡುಕಿಟ್ಟ ಚಪ್ಪಟೆ ಬೀಜಗಳು ಗಾಳಿ ಬೀಸಿದಂತೆ ಹಾರಿಹೋಗುತ್ತವೆ. ಹಾಗಾಗಿ ಕಾಯಿ ಕಂದಾಗುತ್ತಿದ್ದಂತೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ಬೀಜ ಬಿದ್ದಾಗ ಒಳಗಿನ ಭ್ರೂಣ ತೀರಾ ಚಿಕ್ಕದು, ಅದು ತೇವದಲ್ಲಿ ಬೆಳೆದು ದೊಡ್ಡದಾದ ಮೇಲಷ್ಟೇ ಮೊಳಕೆ. ಇದನ್ನು ಉಜ್ಜಿ, ಬಿಸಿನೀರಿಗೆ ಹಾಕಿ ಹಿಂಸಿಸಿದರೆ ಸಾಯುತ್ತದೆ. ಬೇಕಿರುವುದು ತೇವ, ಬೆಚ್ಚಗಿನ ವಾತಾವರಣ, ಕಾಲ. ತಾಜಾ ಬೀಜವನ್ನು ಮಣ್ಣಿನ ಮೇಲೆ ಚಪ್ಪಟೆಯಾಗಿ ಇಟ್ಟು, ಕಾಣಿಸದಷ್ಟು ಮಾತ್ರ ಮಿಶ್ರಣ ಉದುರಿಸಿ, ಒಂದೆರಡು ತಿಂಗಳು ಕಾಯಿರಿ. ನೀರಿನಲ್ಲಿ ತೇಲಿಸಿ ಜೊಳ್ಳು ಹುಡುಕುವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಈಶ್ವರಿಯ ಹಗುರ ಬೀಜ, ಮಾಧವಿಯ ರೆಕ್ಕೆ ಬೀಜ ಗಟ್ಟಿಯಿದ್ದರೂ ತೇಲುತ್ತವೆ.

ಈ ಬಳ್ಳಿ ಬೆಳೆಸುವವರು ಎಲೆಯ ಚೆಂದಕ್ಕೆ ಆಸೆಪಡಬಾರದು. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳ ಮರಿಹುಳುಗಳಿಗೂ, ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳಿಗೂ ಇದರ ಎಲೆಯೇ ಊಟ. ಹುಳು ಬಂದರೆ ಒಂದು ವಾರದಲ್ಲಿ ಬರೀ ದಂಟು ಉಳಿಯುತ್ತದೆ, ಬುಡದಿಂದ ಮತ್ತೆ ಚಿಗುರುತ್ತದೆ. ಮೂರು ಕುಂಡ ಇಟ್ಟುಕೊಳ್ಳಿ, ಬೇವಿನೆಣ್ಣೆ ಮುಟ್ಟಿಸಬೇಡಿ. ನಾಟಿ ಔಷಧವೆಂದು ಬೇರು, ಎಲೆ ತಿನ್ನುವ ರೂಢಿಯನ್ನೂ ಬಿಡುವುದು ಒಳಿತು, ಇದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ.

ಮಾಧವಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕುಂಡದ ಬಳ್ಳಿಯೇ ಅಲ್ಲ. ಮರಗಳನ್ನೇರುವ ಗಟ್ಟಿಮುಟ್ಟಾದ ಬಳ್ಳಿ, ಕನಿಷ್ಠ 50 ಲೀಟರಿನ ಡ್ರಮ್ಮು, ಕಬ್ಬಿಣದ ಚಪ್ಪರ, ಹೂ ಮುಗಿದ ಕೂಡಲೇ ಕಡ್ಡಾಯ ಕತ್ತರಿ ಇಷ್ಟಕ್ಕೂ ಸಿದ್ಧರಿದ್ದರೆ ಮಾತ್ರ ಕೈ ಹಾಕಿ. ಮೂರು ರೆಕ್ಕೆಯ ಬೀಜವನ್ನು ಉದುರಿದ ಹೊಸತರಲ್ಲೇ, ರೆಕ್ಕೆ ಕತ್ತರಿಸಿ ಬಿತ್ತಬೇಕು.

ಕುಂಡದ ತಳದಲ್ಲಿ ಜಲ್ಲಿ ಬೇಡ

ನೀರು ಬಸಿಯಲೆಂದು ತಳದಲ್ಲಿ ಎರಡು ಇಂಚು ಜಲ್ಲಿ ಹಾಕುವ ರೂಢಿ ಎಲ್ಲೆಡೆ ಇದೆ, ಪರಿಣಾಮ ಮಾತ್ರ ತಿರುಗುಮುರುಗು. ನುಣುಪು ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದಿಡುತ್ತವೆ, ಕೆಳಗೆ ಜಲ್ಲಿಯ ದೊಡ್ಡ ಸಂದು ಎದುರಾದಾಗ ಆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದ ಮೇಲಷ್ಟೇ ತೊಟ್ಟಿಕ್ಕುತ್ತದೆ. ಜಲ್ಲಿ ಇದ್ದರೂ ಇಲ್ಲದಿದ್ದರೂ ಮಣ್ಣಿನ ಕೆಳಪದರದಲ್ಲಿ ಒಂದಷ್ಟು ಎತ್ತರದ ಕೆಸರು ಪಟ್ಟಿ ಇದ್ದೇ ಇರುತ್ತದೆ. ಜಲ್ಲಿ ಹಾಕಿದರೆ ಆ ಪಟ್ಟಿ ಎರಡು ಇಂಚು ಮೇಲೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆ ಪರದೆಯ ತುಂಡು ಸಾಕು. ಬಸಿಯುವ ಗುಣ ಬರಬೇಕಾದದ್ದು ಇಡೀ ಮಿಶ್ರಣಕ್ಕೆ: ಕೆಮ್ಮಣ್ಣು ಎರಡು ಪಾಲು, ಕಳಿತ ಗೊಬ್ಬರ ಒಂದು, ಕೋಕೋಪೀಟ್ ಒಂದು, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಒಂದು. 12 ಇಂಚಿನ ಕುಂಡಕ್ಕೆ ಸುಮಾರು 15 ಲೀಟರ್ ಬೇಕು, ಅದಕ್ಕೊಂದು ಹಿಡಿ ಬೇವಿನ ಹಿಂಡಿ. ಇದೇ ಕಾರಣಕ್ಕೆ ಅಗಲವಾದ ಗಿಡ್ಡ ತೊಟ್ಟಿಗಿಂತ ಎತ್ತರದ ಕುಂಡ ಬಳ್ಳಿಗೆ ಲೇಸು.

ಶಂಖಪುಷ್ಪಕ್ಕೆ ಗೊಬ್ಬರ ಮೇಲಿಂದ ಮೇಲೆ ಕೊಟ್ಟರೆ ಎಲೆ ದಟ್ಟವಾಗಿ ಹೂವು ಕಾಣೆಯಾಗುತ್ತದೆ. ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳ ಬ್ಯಾಕ್ಟೀರಿಯಾದ ಮೂಲಕ ಅದೇ ಮಾಡಿಕೊಳ್ಳುತ್ತದೆ. ಬರೀ ಕೋಕೋಪೀಟ್‌ನಲ್ಲಿ ಆ ಬ್ಯಾಕ್ಟೀರಿಯಾ ಇರುವ ಸಂಭವ ಕಡಿಮೆ, ಅಲಸಂದೆ ಬೆಳೆದ ಹೊಲದ ಒಂದು ಹಿಡಿ ಮಣ್ಣು ಬೆರೆಸಿ. ಸಸಿ ಬದಲಿಸುವಾಗ ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ, ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. ಹೂವು ಬಿಡುವ ಹೊತ್ತಿಗೆ ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ, ಒಂದು ಚಮಚ ಸೌದೆ ಬೂದಿ ಸಾಕು. ದಿನಕ್ಕೆ ಆರು ಗಂಟೆ ಬಿಸಿಲು ಸಿಕ್ಕರೆ ಬಿತ್ತಿದ ಏಳೆಂಟು ವಾರಕ್ಕೆ ಮೊದಲ ಹೂವು.

ಆಸರೆ ಬಳ್ಳಿಯ ಹಿಡಿತಕ್ಕೆ ತಕ್ಕಂತಿರಲಿ. ಶಂಖಪುಷ್ಪ, ಈಶ್ವರಿ ಸುತ್ತಿಕೊಂಡು ಏರುವಂಥವು, ಸೆಣಬಿನ ಹುರಿ ಇಳಿಬಿಟ್ಟರೆ ಸಾಕು. ಗೌರಿ ಹೂವು ಏರುವುದು ಎಲೆಯ ತುದಿಯ ಸಣ್ಣ ಕೊಕ್ಕೆಯಿಂದ, ಅದಕ್ಕೆ ದಪ್ಪ ಪಿವಿಸಿ ಪೈಪು ಹಿಡಿಯಲಾಗದು. ಒಣಗಿದ ಕವಲು ಕಡ್ಡಿ ಅಥವಾ ತೆಳು ಜಾಲರಿ ಬೇಕು. ಶಂಖಪುಷ್ಪ ಒಂದು ಗೇಣಾದಾಗ ಕುಡಿ ಚಿವುಟಿದರೆ ನಾಲ್ಕು ಕವಲೊಡೆಯುತ್ತದೆ. ಗೌರಿ ಹೂವಿನ ಕುಡಿ ಮಾತ್ರ ಮುಟ್ಟಬೇಡಿ, ಅದು ಮುರಿದರೆ ಆ ವರ್ಷದ ಹೂವು ಬಹುತೇಕ ಹೋದಂತೆಯೇ. ಕಪ್ಪು ಮೈ ಮೇಲೆ ಬಿಳಿ, ಕೆಂಪು ಚುಕ್ಕೆಯ ಹುಳು ಗೌರಿ ಹೂವಿನಲ್ಲಿ ಕಂಡರೆ ಅದೇ ದಿನ ಕೈಯಿಂದ ಆರಿಸಿ ತೆಗೆಯಿರಿ, ಎರಡು ದಿನ ಬಿಟ್ಟರೆ ಎಲೆ ಉಳಿಯುವುದಿಲ್ಲ. ಶಂಖಪುಷ್ಪದ ಎಲೆಯಡಿ ಬಿಳಿನೊಣ, ಬೇಸಿಗೆಯಲ್ಲಿ ಕೆಂಪು ನುಸಿ ಬರುತ್ತವೆ: ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ನೀರು ಸೇರಿಸಿ, ಸಂಜೆ ಎಲೆಯ ತಳಭಾಗಕ್ಕೆ ಸಿಂಪಡಿಸಿ.

ಮುಂದಿನ ವರ್ಷದ ಬೀಜಕ್ಕೆ ಶಂಖಪುಷ್ಪದ ಮೊದಲ ಕಾಯಿಗಳನ್ನೇ ಗುರುತು ಕಟ್ಟಿ ಬಿಡಿ, ಆದರೆ ಎಲ್ಲ ಕಾಯಿಗಳನ್ನೂ ಬಿಟ್ಟರೆ ಬಳ್ಳಿ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಕಾಯಿ ಒಣಗಿ ತಿರುಚಿ ಸಿಡಿಯುವ ಮೊದಲು ಬಿಡಿಸಿ, ನೆರಳಿನಲ್ಲಿ ಒಂದು ವಾರ ಆರಿಸಿ, ಕಾಗದದ ಪೊಟ್ಟಣದಲ್ಲಿ ಹೆಸರು-ತಾರೀಖು ಬರೆದು, ತಳಕ್ಕೆ ಒಣ ಬೂದಿ ಹಾಕಿದ ಗಾಜಿನ ಬಾಟಲಿಯಲ್ಲಿಡಿ. ಈಶ್ವರಿ, ಮಾಧವಿ ಬೀಜಗಳಿಗೆ ಈ ಉಪಾಯ ಬೇಡ, ಅವನ್ನು ಸಿಕ್ಕ ವಾರವೇ ಬಿತ್ತಿಬಿಡಿ.